ತಣ್ಣೀರಿಗೂ ಬರ್ತಾವೆ: ಕೇಪ್ ಕಾಡ್‌ನಿಂದ ನೋವಾ ಸ್ಕೋಷಿಯಾ ತನಕ ಏಳು ದಿನ

ಈ ಟ್ರಿಪ್ ಶುರುವಾಗಿದ್ದು ಒಂದು ಮಾತಿಂದ. ಜುಲೈನಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ನಮ್ಮ ಕಡೆ ಇರೋ ಕನ್ನಡದೋರೆಲ್ಲ ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ವಿ, ಮಗಳು ಈ ಸಲ ಸ್ವಿಮ್ಮಿಂಗ್ ಪೂಲ್ ಬೇಡ ಸಮುದ್ರದಲ್ಲೇ ಈಜಬೇಕು ಅಂದ್ಲು, ಯಾರೋ ಶಾರ್ಕ್ ಇರುತ್ತಲ್ಲಮ್ಮಾ ಅಂದ್ರು, ನಾನು ಥಟ್ ಅಂತ "ಇಷ್ಟು ತಣ್ಣನೆ ನೀರಿಗೆ ಶಾರ್ಕ್ ಎಲ್ಲಿ ಬರುತ್ತೆ, ಅವೆಲ್ಲ ಫ್ಲೋರಿಡಾ ಕಡೆ" ಅಂದ್ಬಿಟ್ಟೆ. ಎಲ್ಲರೂ ಹೌದೌದು ಅಂದ್ರು. ರಾತ್ರಿ ಮನೆಗೆ ಬಂದು ಸ್ವಲ್ಪ ಓದಿದ್ಮೇಲೆ ನಿದ್ದೆ ಬರ್ಲಿಲ್ಲ. ನಾನು ಹೇಳಿದ್ದು ಪೂರ್ತಿ ತಪ್ಪು. ಮಗಳು ನೀರಿಗೆ ಇಳಿಯೋ ವಿಷಯದಲ್ಲಿ ಅಂದಾಜಿಗೆ ಮಾತಾಡ್ಬಾರದಿತ್ತು. ಹಾಗಾಗಿ ಆಗಸ್ಟ್ ಕೊನೆಯ ರಜೆನ ಇದಕ್ಕೇ ಇಟ್ಕೊಂಡ್ವಿ, ಕೇಪ್ ಕಾಡ್‌ನಿಂದ ಮೇಯ್ನ್, ಅಲ್ಲಿಂದ ಕಡಲು ದಾಟಿ ಕೆನಡಾದ ನೋವಾ ಸ್ಕೋಷಿಯಾ, ಅಂದ್ರೆ ಉತ್ತರಕ್ಕೆ ಹೋಗ್ತಾ ಹೋಗ್ತಾ ನೀರು ಇನ್ನೂ ತಣ್ಣಗಾಗೋ ದಾರಿ. ಹೊರಟಿದ್ದು ನಾನು, ನಮ್ಮನೆಯವರು, ಹನ್ನೊಂದು ವರ್ಷದ ಮಗಳು, ಮತ್ತೆ ಮೇ ತಿಂಗಳಲ್ಲಿ ಕುಂದಾಪುರದಿಂದ ಬಂದಿರೋ ಅಮ್ಮ. ಅಮ್ಮಂಗೂ ಕೆನಡಾ ವೀಸಾ ಮೊದಲೇ ಮಾಡಿಸಿಟ್ಟಿದ್ವಿ, ಪುಣ್ಯ.

ಮೊದಲನೇ ದಿನ, ಶನಿವಾರ, ಚಾಥಮ್

ನಾವಿರೋ ಶ್ರೂಸ್‌ಬರಿಯಿಂದ ಎರಡೂವರೆ ಗಂಟೆ ದಾರಿ, ಸ್ಯಾಗಮೋರ್ ಬ್ರಿಜ್ ಹತ್ರ ಶನಿವಾರದ ಟ್ರಾಫಿಕ್ಕಲ್ಲಿ ಸಿಕ್ಕಿ ನಾಲ್ಕು ಗಂಟೆ ಆಯ್ತು. ಮೊದಲು ಹೋಗಿದ್ದು ಚಾಥಮ್‌ನ ಶಾರ್ಕ್ ಸೆಂಟರ್‌ಗೆ. ಅಟ್ಲಾಂಟಿಕ್ ವೈಟ್ ಶಾರ್ಕ್ ಕನ್ಸರ್ವೆನ್ಸಿ ಅಂತ 2012ರಲ್ಲಿ ಶುರುವಾದ ಸಂಸ್ಥೆಯೋರದ್ದು ಅದು. ಚಿಕ್ಕ ಜಾಗ, ಆದ್ರೆ ಮಗಳು ಅಲ್ಲಿಂದ ಹೊರಗೆ ಬರೋಕೆ ಒಪ್ಪಲಿಲ್ಲ. ಅಲ್ಲಿ ಬಿಳಿ ಶಾರ್ಕಿನ, ಅಂದ್ರೆ ಗ್ರೇಟ್ ವೈಟ್‌ನ ಹಲ್ಲು ಕೈಲಿ ಹಿಡ್ಕೊಂಡು ನೋಡಿದ್ವಿ. ಮೂರು ಮೂಲೆ, ನನ್ನ ಹೆಬ್ಬೆರಳಿಗಿಂತ ಉದ್ದ, ಅಂಚನ್ನ ಉಗುರಲ್ಲಿ ಮುಟ್ಟಿದ್ರೆ ತುರಿಮಣೆಯ ನಾಲಿಗೆ ಮುಟ್ಟಿದಂಗೆ ಕಿರುಗುಟ್ಟುತ್ತೆ, ಒಂದೊಂದು ಹಲ್ಲಿನ ಅಂಚಲ್ಲೂ ಪೂರ್ತಿ ಗರಗಸ. ಅಮ್ಮ ಅದನ್ನ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಏನೂ ಮಾತಾಡದೆ ವಾಪಸ್ ಇಟ್ಟಳು.

ಈ ಕಡಲಲ್ಲಿ ಇವು ಇವೆ ಅನ್ನೋದು ಊರೋರಿಗೂ ಮನಸಿಗೆ ತಟ್ಟಿದ್ದು 2004ರಲ್ಲಂತೆ. ಆ ಸೆಪ್ಟೆಂಬರ್‌ನಲ್ಲಿ ವುಡ್ಸ್ ಹೋಲ್ ಪಕ್ಕದ ನೌಶನ್ ದ್ವೀಪದ ಉಪ್ಪುನೀರ ಕೊಳದೊಳಗೆ ಸುಮಾರು 14 ಅಡಿಯ ಹೆಣ್ಣು ಬಿಳಿ ಶಾರ್ಕ್ ಬಂದು ಸಿಕ್ಕಿಹಾಕ್ಕೊಂಡು ಹೆಚ್ಚುಕಡಿಮೆ ಎರಡು ವಾರ ಅಲ್ಲೇ ಸುತ್ತಿತ್ತು. ರಾಜ್ಯದ ಮೀನುಗಾರಿಕೆ ಇಲಾಖೆಯ ವಿಜ್ಞಾನಿ ಗ್ರೆಗ್ ಸ್ಕೋಮಲ್ ಮತ್ತೆ ಜೊತೆಯೋರು ಪೈಪಿಂದ ನೀರು ಹಾರಿಸಿ ಹಾರಿಸಿ ಅದನ್ನ ಕಡಲಿಗೆ ವಾಪಸ್ ದಾರಿ ಹಿಡಿಸಿದ್ರು. 2009ರಿಂದ ಅವರೇ ಇಲ್ಲಿ ಶಾರ್ಕ್‌ಗಳಿಗೆ ಟ್ಯಾಗ್ ಹಾಕೋಕೆ ಶುರು ಮಾಡಿದ್ದು, ಈಗ 300ಕ್ಕೂ ಹೆಚ್ಚು ಶಾರ್ಕ್‌ಗಳ ಮೇಲೆ ಟ್ಯಾಗ್ ಇದೆ. ಬೆನ್ನಿನ ರೆಕ್ಕೆಯ ಬುಡಕ್ಕೆ ಚುಚ್ಚೋ ಬೆರಳುದ್ದದ ಟ್ಯಾಗ್, ಅದು ಶಬ್ದ ಬಿಡುತ್ತೆ, ಕಡಲಲ್ಲಿ ಅಲ್ಲಲ್ಲಿ ತೇಲೋ ಹಾಗೆ ಕಟ್ಟಿರೋ ಬೋಯಾದಲ್ಲಿನ ರಿಸೀವರ್ ಹತ್ರ ಹಾದುಹೋದ್ರೆ ಆ ನಂಬರ್ ದಾಖಲಾಗುತ್ತೆ. ಆ ಬೋಯಾಗಳಲ್ಲಿ ಕೆಲವು ಆಗಿಂದಾಗಲೇ ಲೈಫ್‌ಗಾರ್ಡ್‌ಗಳ ಫೋನಿಗೆ ಮೆಸೇಜ್ ಕಳಿಸ್ತಾವೆ. ಮಗಳು ಅಲ್ಲಿದ್ದ ಹುಡುಗಿಗೆ ಒಂದು ಒಳ್ಳೇ ಪ್ರಶ್ನೆ ಕೇಳಿದ್ಲು, ಟ್ಯಾಗ್ ಇಲ್ದಿರೋದು ಬಂದ್ರೆ? ಅದು ಗೊತ್ತಾಗಲ್ಲ ಅಂತ ಆ ಹುಡುಗಿ ನೇರವಾಗಿ ಹೇಳಿದ್ಲು. ಫೋನಲ್ಲಿ ಏನೂ ಬಂದಿಲ್ಲ ಅಂದ್ರೆ ಕಡಲು ಖಾಲಿ ಅಂತಲ್ಲ. ಇದನ್ನ ನಾನು ಮುಂದಿನ ಏಳು ದಿನನೂ ತಲೇಲಿ ಇಟ್ಕೊಂಡಿದ್ದೆ.

ಸಂಜೆ ಫಿಶ್ ಪಿಯರ್‌ಗೆ ಹೋದ್ವಿ. ಬೋಟುಗಳು ಬಂದು ಮೀನು ಇಳಿಸೋದನ್ನ ಮೇಲಿನ ಕಟ್ಟೆಯಿಂದ ನೋಡ್ಬಹುದು. ಇಳಿಸ್ತಾ ಇದ್ದಿದ್ದು ಏನು ಅಂದ್ಕೊಂಡ್ರಿ, ಡಾಗ್‌ಫಿಶ್, ಮೊಳಕ್ಕಿಂತ ಸ್ವಲ್ಪ ಉದ್ದದ ಬೂದಿ ಬಣ್ಣದ ಮೀನು. ಅಮ್ಮ ಕಂಬಿ ಹಿಡ್ಕೊಂಡು ಬಗ್ಗಿ, "ಹ್ವಾಯ್, ಇದ್ ತಾಟೆ ಮರಿ ಅಲ್ದಾ?" ಅಂದ್ಲು. ಹೌದು, ಡಾಗ್‌ಫಿಶ್ ಅಂದ್ರೆ ಸಣ್ಣ ಜಾತಿ ಶಾರ್ಕೇ. ನಮ್ಮ ಕಡೆ ತಾಟೆ ಮರಿ ಬಾಣಂತಿಯರಿಗೆ ಮಾಡಿ ಹಾಕ್ತಾರೆ, ಹಾಲು ಚೆನ್ನಾಗಿ ಬರುತ್ತೆ ಅಂತ, ನಂಗೂ ಮಗಳು ಹುಟ್ಟಿದಾಗ ಅಮ್ಮ ಮಾಡಿ ಹಾಕಿದ್ಲು. ಇಲ್ಲಿ ಹಿಡಿದಿದ್ದು ಬಹುಪಾಲು ಯುರೋಪಿಗೆ ಹೋಗುತ್ತೆ ಅಂತ ಪಕ್ಕದಲ್ಲಿದ್ದೋರು ಹೇಳಿದ್ರು. "ಇಲ್ಲಿಯೋರ್ ತಿಂಬುದಿಲ್ಯಾ?" ಅಂತ ಅಮ್ಮಂಗೆ ಅದೇ ಬೇಜಾರು.

ಕೆಳಗೆ ನೀರಲ್ಲಿ ಏಳೆಂಟು ಗ್ರೇ ಸೀಲ್‌ಗಳು ಬೋಟಿಂದ ಏನಾದ್ರೂ ಬೀಳುತ್ತಾ ಅಂತ ಕತ್ತು ಮೇಲೆ ಮಾಡಿ ಕಾಯ್ತಿದ್ವು. ಅಮ್ಮ ಅವನ್ನ ನೀರುನಾಯಿ ಅಂದ್ಕೊಂಡಿದ್ಲು. ಅದ್ರಲ್ಲಿ ಒಂದು ದೊಡ್ಡ ಗಂಡು, ಕುದುರೆ ಮೂತಿ ತರ ಉದ್ದ ಮೂತಿ, ಪಕ್ಕಕ್ಕೆ ಹೊರಳಿದಾಗ ಸೊಂಟದ ಮೇಲೆ ಅರ್ಧಚಂದ್ರದ ಗಾಯದ ಗುರುತು ಕಾಣಿಸ್ತು, ಮಾಸಿ ಬೆಳ್ಳಗಾಗಿತ್ತು, ಕೂದಲು ಮತ್ತೆ ಹುಟ್ಟಿರ್ಲಿಲ್ಲ. ಯಾರೂ ನಮಗೆ ಅದೇನು ಅಂತ ಹೇಳ್ಬೇಕಾಗಿರ್ಲಿಲ್ಲ, ಬೆಳಿಗ್ಗೆ ತಾನೆ ಆ ಹಲ್ಲು ಮುಟ್ಟಿದ್ವಿ.

ಈ ಸೀಲ್‌ಗಳ ಕಥೆನೇ ಶಾರ್ಕಿನ ಕಥೆ. ಮೆಸಾಚುಸೆಟ್ಸ್, ಮೇಯ್ನ್ ಎರಡೂ ಕಡೆ ಮೀನು ತಿಂದು ಹಾಳುಮಾಡ್ತಾವೆ ಅಂತ ಸೀಲ್ ಕೊಂದೋರಿಗೆ ಸರ್ಕಾರನೇ ದುಡ್ಡು ಕೊಡ್ತಿತ್ತು, ಕೊಂದ ಲೆಕ್ಕಕ್ಕೆ ಮೂಗು ಕತ್ತರಿಸಿ ತಂದು ತೋರಿಸ್ಬೇಕಿತ್ತು, 1888ರಿಂದ 1962ರ ತನಕ ಇದು ನಡೀತು. ಕಡಿಮೆ ಅಂದ್ರೂ ಎಪ್ಪತ್ತು ಸಾವಿರ ಸೀಲ್ ಸತ್ತಿವೆ. ಗ್ರೇ ಸೀಲ್ ಅಂತೂ ಈ ತೀರದಲ್ಲಿ ಕಾಣೋದೇ ನಿಂತೋಗಿತ್ತು. 1972ರಲ್ಲಿ ಕಡಲ ಸಸ್ತನಿಗಳನ್ನ ಕಾಪಾಡೋ ಕಾನೂನು ಬಂತು, ಕೆನಡಾ ಕಡೆಯಿಂದ ಸೀಲ್‌ಗಳು ನಿಧಾನಕ್ಕೆ ಇಳಿದು ಬಂದ್ವು, ಮಸ್ಕೀಗೆಟ್ ದ್ವೀಪ, ಮಾನೊಮೊಯ್ ಮರಳುದಿಣ್ಣೆ ಎಲ್ಲ ಮತ್ತೆ ತುಂಬ್ಕೊಂಡ್ವು. 1997ರಲ್ಲಿ ಅಮೆರಿಕದ ಅಟ್ಲಾಂಟಿಕ್ ನೀರಲ್ಲಿ ಬಿಳಿ ಶಾರ್ಕ್ ಹಿಡಿಯೋದನ್ನೂ ನಿಷೇಧ ಮಾಡಿದ್ರು. ಇವೆರಡೂ ಕೂಡಿದ್ಮೇಲೆ ಮುಂದಿಂದು ಅಮ್ಮನೇ ಹೇಳಿದ್ಲು, "ಮೀನ್ ಒಣ್ಗಿಸಿದಲ್ಲಿಗ್ ಕಾಕಿ ಬಾರದೆ ಇರತ್ತಾ?" ಅಂತ.

ಎರಡನೇ ದಿನ, ಭಾನುವಾರ, ವೆಲ್‌ಫ್ಲೀಟ್

ಬೆಳಿಗ್ಗೆ ನ್ಯೂಕೂಂಬ್ ಹಾಲೋ ಬೀಚ್. ಹೋಗ್ಬೇಕಾ ಬೇಡ್ವಾ ಅಂತ ರಾತ್ರಿ ನಾವಿಬ್ಬರೂ ಮಾತಾಡಿದ್ವಿ, ಯಾಕಂದ್ರೆ 2018ರ ಸೆಪ್ಟೆಂಬರ್ 15ಕ್ಕೆ ಇಲ್ಲೇ ಬೂಗಿ ಬೋರ್ಡ್, ಅಂದ್ರೆ ಅಲೆ ಮೇಲೆ ಮಲಗಿ ತೇಲೋ ಹಲಗೆ, ಆಡ್ತಿದ್ದ 26 ವರ್ಷದ ಹುಡುಗನ್ನ ಶಾರ್ಕ್ ಕಚ್ಚಿ ಅವನು ತೀರಿಕೊಂಡ. ಅದಕ್ಕೆ ಒಂದು ತಿಂಗಳ ಹಿಂದೆ ಪಕ್ಕದ ಟ್ರೂರೋದಲ್ಲಿ ಇನ್ನೊಬ್ಬರಿಗೆ ಕಚ್ಚಿತ್ತು, ಅವರು ಬದುಕಿದ್ರು. ಈ ರಾಜ್ಯದಲ್ಲಿ ಅದಕ್ಕೆ ಮುಂಚೆ ಶಾರ್ಕಿಂದ ಜೀವ ಹೋಗಿದ್ದು 1936ರಲ್ಲಿ. ಅಂದ್ರೆ 82 ವರ್ಷ. 82 ವರ್ಷ ಏನೂ ಆಗದೇ ಇದ್ರೆ ಎರಡು ತಲೆಮಾರು "ಇಲ್ಲಿಗೆ ಬರಲ್ಲ" ಅಂತಲೇ ನಂಬಿ ಬೆಳೆಯುತ್ತೆ, ಅವರನ್ನ ತಪ್ಪು ಅನ್ನೋಕೆ ನಂಗೆ ಮನಸಾಗಲ್ಲ.

ಪಾರ್ಕಿಂಗಿಂದ ಎತ್ತರದ ಮರಳು ಗುಡ್ಡ ಇಳಿದು ಹೋಗ್ಬೇಕು. ಮೇಲೇನೇ ದೊಡ್ಡ ಬೋರ್ಡು, ಶಾರ್ಕ್ ಚಿತ್ರ, ಸೀಲ್ ಇದ್ದಲ್ಲಿ ಇಳೀಬೇಡಿ, ದಡದ ಹತ್ರನೇ ಇರಿ, ಒಬ್ಬರೇ ಹೋಗ್ಬೇಡಿ ಅಂತ. ಪಕ್ಕದಲ್ಲಿ ರಕ್ತ ನಿಲ್ಲಿಸೋ ಕಿಟ್‌ನ ಪೆಟ್ಟಿಗೆ. ಅದನ್ನ ನೋಡಿ ನಂಗೆ ಹೊಟ್ಟೇಲಿ ಒಂಥರಾ ಆಯ್ತು, ಬೋರ್ಡಿಗಿಂತ ಜಾಸ್ತಿ.

ನೀರು ಕಾಲಿಗೆ ಸೂಜಿ ಚುಚ್ಚಿದಂಗೆ ತಣ್ಣಗಿತ್ತು. ಮಗಳನ್ನ ಮಂಡಿಯುದ್ದಕ್ಕೆ ಮಾತ್ರ ಬಿಟ್ಟಿದ್ದೆ. ಹನ್ನೊಂದು ಗಂಟೆ ಇರ್ಬೇಕು, ಸೀಟಿ ಊದಿದ್ರು, ಒಂದಲ್ಲ ಮೂರ್ನಾಲ್ಕು ಸಲ, ಲೈಫ್‌ಗಾರ್ಡ್ ಕುರ್ಚಿ ಮೇಲೆ ಎದ್ದು ನಿಂತು ಎರಡೂ ಕೈ ಬೀಸ್ತಿದ್ದ, ಪಕ್ಕದ ಕಂಬದ ಮೇಲೆ ನೇರಳೆ ಬಣ್ಣದ ಬಾವುಟ ಏರ್ತಾ ಇತ್ತು, ಅದರ ಮೇಲೆ ಬಿಳಿ ಶಾರ್ಕಿನ ಚಿತ್ರ. ಕಿರುಚಾಟ ಗದ್ದಲ ಏನೂ ಇಲ್ಲ, ಎಲ್ಲರೂ ಮಕ್ಕಳ ಕೈ ಹಿಡ್ಕೊಂಡು ಹಿಂದಕ್ಕೆ ನಡ್ಕೊಂಡು ಬಂದು ದಡದಲ್ಲಿ ಸಾಲಾಗಿ ನಿಂತ್ರು. ನಾನು ಮಗಳ ತೋಳು ಎಷ್ಟು ಗಟ್ಟಿ ಹಿಡಿದಿದ್ದೆ ಅಂದ್ರೆ ಆಮೇಲೆ ನೋಡಿದ್ರೆ ಬೆರಳಿನ ಗುರುತು ಮೂಡಿತ್ತು. ಒಂದು ಗಂಟೆ ಯಾರನ್ನೂ ನೀರಿಗೆ ಬಿಡಲ್ಲ ಅಂದ್ರು. ನಾವು ಕಣ್ಣು ಕೀಲಿಸಿ ನೋಡಿದ್ವಿ, ಏನೂ ಕಾಣ್ಲಿಲ್ಲ. ಅಲೆ, ಬಿಸಿಲು, ದೂರದಲ್ಲಿ ಒಂದು ಸೀಲ್ ತಲೆ.

ಲೈಫ್‌ಗಾರ್ಡ್ ಹುಡುಗ ಮಗಳಿಗೆ ಮರಳಲ್ಲಿ ಬೆರಳಿಂದ ಗೀಟು ಎಳೆದು ತೋರಿಸಿದ. ಇಲ್ಲಿ ದಡಕ್ಕೆ ಸಮನಾಗಿ ಮರಳಿನ ದಿಬ್ಬ, ದಿಬ್ಬಕ್ಕೂ ದಡಕ್ಕೂ ಮಧ್ಯೆ ಗುಂಡಿ ಕಾಲುವೆ ತರ. ಸೀಲ್ ದಡಕ್ಕೆ ಅಂಟ್ಕೊಂಡು ಓಡಾಡುತ್ತೆ, ಶಾರ್ಕ್ ಅದೇ ಕಾಲುವೇಲಿ ಬರುತ್ತೆ. ನಾನು ಓದಿದ್ದಕ್ಕೂ ಇದು ಸರಿ ಹೋಯ್ತು, ಕೇಪ್ ಕಾಡ್‌ನಲ್ಲಿ ಟ್ಯಾಗ್ ಹಾಕಿ ಗಮನಿಸಿದ ಶಾರ್ಕ್‌ಗಳು ಹೆಚ್ಚುಕಡಿಮೆ ಅರ್ಧ ಹೊತ್ತು 15 ಅಡಿಗಿಂತ ಕಮ್ಮಿ ಆಳದಲ್ಲೇ ಇದ್ವಂತೆ. ಶಾರ್ಕ್ ಅಂದ್ರೆ ನಡುಕಡಲಿಂದು, ದಡದಲ್ಲಿ ಆಡಿದ್ರೆ ಏನಾಗಲ್ಲ ಅನ್ನೋದೂ ನನ್ನ ತಲೇಲಿದ್ದ ಇನ್ನೊಂದು ತಪ್ಪು. 2015ರಿಂದ 2018ರ ನಡುವೆ ಸುಮಾರು 800 ಬಿಳಿ ಶಾರ್ಕ್ ಕೇಪ್ ಕಾಡ್ ನೀರಿಗೆ ಬಂದು ಹೋಗಿವೆ ಅಂತ ಲೆಕ್ಕ ಹಾಕಿದ್ದಾರೆ. ಎಲ್ಲವೂ ಒಟ್ಟಿಗೆ ಅಲ್ಲ, ಬರ್ತಾವೆ, ಸ್ವಲ್ಪ ದಿನ ಇರ್ತಾವೆ, ಹೋಗ್ತಾವೆ. ಮೇ ಕೊನೆಯಿಂದ ನವೆಂಬರ್ ತನಕ, ಆಗಸ್ಟಿಂದ ಅಕ್ಟೋಬರ್ ಜಾಸ್ತಿ. ಚಳಿಗಾಲದಲ್ಲಿ ಕೆರೊಲೈನಾ, ಫ್ಲೋರಿಡಾ, ಕೆಲವು ಗಲ್ಫ್ ಆಫ್ ಮೆಕ್ಸಿಕೋ ತನಕ.

ಹಾಗಂತ ಇಷ್ಟು ಶಾರ್ಕ್, ಇಷ್ಟು ಲಕ್ಷ ಜನ, ಇಷ್ಟು ವರ್ಷಕ್ಕೆ ಜೀವ ಹೋಗಿದ್ದು ಒಂದು. ಇದನ್ನೂ ಮಗಳಿಗೆ ಹೇಳ್ಬೇಕಿತ್ತು, ಹೇಳಿದೆ. ಬರೀ ಹೆದರಿಸಿದ್ರೆ ಅದೂ ಸುಳ್ಳೇ ಆಗುತ್ತೆ.

ಮೂರನೇ ದಿನ, ಸೋಮವಾರ, ಬೈಲಿ ಐಲೆಂಡ್, ಮೇಯ್ನ್

ಬೆಳಿಗ್ಗೆ ಆರಕ್ಕೆ ಹೊರಟು ಬಾಸ್ಟನ್ ದಾಟಿ ಪೋರ್ಟ್‌ಲೆಂಡ್‌ನಲ್ಲಿ ಕಟ್ಟಿಕೊಂಡು ಬಂದಿದ್ದ ಚಪಾತಿ ಪಲ್ಯ ತಿಂದು ಮಧ್ಯಾಹ್ನಕ್ಕೆ ಹಾರ್ಪ್ಸ್‌ವೆಲ್ ಸೇರಿದ್ವಿ. ಇಲ್ಲಿಂದ ಬೈಲಿ ಐಲೆಂಡ್‌ಗೆ ಹೋಗೋ ಸೇತುವೆ ನೋಡ್ಬೇಕು ನೀವು, 1928ರದ್ದು, ಗ್ರಾನೈಟ್ ಕಲ್ಲಿನ ಉದ್ದುದ್ದ ದಿಮ್ಮಿಗಳನ್ನ ಗಾರೆ ಹಾಕದೆ ಅಡ್ಡ ಒಂದು ಸಾಲು ಉದ್ದ ಒಂದು ಸಾಲು ಪೇರಿಸಿದ್ದಾರೆ, ನಡುವೆ ಜೇನುಗೂಡಿನ ತರ ಕಿಂಡಿ, ಉಬ್ಬರ ಇಳಿತದ ನೀರು ಅದರೊಳಗಿಂದ ಸಲೀಸಾಗಿ ಹಾದುಹೋಗುತ್ತೆ. ನಮ್ಮನೆಯವರು ಸಿವಿಲ್ ಎಂಜಿನಿಯರ್, ಅಲ್ಲೇ ಅರ್ಧ ಗಂಟೆ ನಿಂತುಬಿಟ್ರು.

ಈ ದ್ವೀಪದ ಹತ್ರನೇ 2020ರ ಜುಲೈ 27ಕ್ಕೆ ಒಬ್ಬ ಹೆಂಗಸು ಶಾರ್ಕ್ ಕಚ್ಚಿ ತೀರಿಕೊಂಡಿದ್ದು. 63 ವರ್ಷ. ತಾಯಿ ಮಗಳು ಒಟ್ಟಿಗೆ ಈಜ್ತಿದ್ರು, ದಡದಿಂದ ತುಂಬಾ ದೂರನೂ ಅಲ್ಲ, ಕಯಾಕ್‌ನಲ್ಲಿದ್ದೋರು ಹೋಗಿ ಎತ್ತಿ ತಂದ್ರು, ಆದ್ರೆ ಆಗ್ಲಿಲ್ಲ. ಸಿಕ್ಕಿದ ಹಲ್ಲಿನ ಚೂರು ನೋಡಿ ಬಿಳಿ ಶಾರ್ಕ್ ಅಂತ ಖಚಿತ ಮಾಡಿದ್ರು. ಮೇಯ್ನ್‌ನಲ್ಲಿ ಶಾರ್ಕಿಂದ ಸಾವು ದಾಖಲಾಗಿದ್ದು ಅದೇ ಮೊದಲು. ಆಮೇಲೆ ರಾಜ್ಯದ ಕಡಲ ಸಂಪನ್ಮೂಲ ಇಲಾಖೆಯೋರು ಈ ತೀರದುದ್ದಕ್ಕೂ ರಿಸೀವರ್ ಹಾಕೋಕೆ ಶುರು ಮಾಡಿದ್ರು, ಕೇಪ್ ಕಾಡ್‌ನಲ್ಲಿ ಟ್ಯಾಗ್ ಹಾಕಿದ ಶಾರ್ಕ್‌ಗಳು ಇಲ್ಲೂ ಸಿಕ್ತಾ ಇವೆ. ಲ್ಯಾಂಡ್ಸ್ ಎಂಡ್ ಅನ್ನೋ ತುದಿಯ ಕಲ್ಲಿನ ಬೀಚಲ್ಲಿ ನಾವು ನಾಲ್ಕೂ ಜನ ಸುಮ್ನೆ ಕೂತಿದ್ವಿ. ಲಾಬ್ಸ್ಟರ್ ಬಲೆಗೆ ಕಟ್ಟಿದ ಬಣ್ಣಬಣ್ಣದ ಬೋಯಾಗಳು ಕುಣೀತಾ ಇದ್ವು, ಒಬ್ಬೊಬ್ಬ ಮೀನುಗಾರನಿಗೆ ಒಂದೊಂದು ಬಣ್ಣ. ಅಷ್ಟು ಶಾಂತವಾದ ಜಾಗ. ಅಮ್ಮ ಕೈ ಮುಗಿದ್ಲು, ಯಾರಿಗೆ ಅಂತ ನಾನು ಕೇಳ್ಲಿಲ್ಲ.

ನಾನು ಚಪ್ಪಲಿ ಬಿಟ್ಟು ಪಾದ ಇಳಿಬಿಟ್ಟೆ. ಒಂದು ನಿಮಿಷಕ್ಕೆ ಬೆರಳು ಮರಗಟ್ಟಿತು. ಬೇಸಿಗೆ ಕೊನೇಲೂ ಇಲ್ಲಿ ನೀರು 16–17 ಡಿಗ್ರಿ ಆಸುಪಾಸು, ನಮ್ಮೂರ ಕಡಲು 28–29 ಇರುತ್ತೆ. ಮೀನಿನ ಮೈ ನೀರಷ್ಟೇ ತಣ್ಣಗಿರುತ್ತೆ ಅಂತ ಸ್ಕೂಲಲ್ಲಿ ಓದಿದ್ದಲ್ವಾ, ಹಾಗಾದ್ರೆ ಇಷ್ಟು ದೊಡ್ಡ ಮೀನು ಇಷ್ಟು ತಣ್ಣೀರಲ್ಲಿ ಸೀಲ್‌ನ ಅಟ್ಟಿಸಿಕೊಂಡು ಹೋಗಿ ಹಿಡಿಯೋದಾದ್ರೂ ಹೇಗೆ? ಇದೇ ನನ್ನನ್ನ ಕಾಡಿದ್ದು. ಉತ್ತರ ತುಂಬ ಚೆಂದ ಇದೆ. ಬಿಳಿ ಶಾರ್ಕು, ಅದರ ದಾಯಾದಿಗಳಾದ ಮಾಕೋ, ಪೋರ್ಬೀಗಲ್, ಸಾಲ್ಮನ್ ಶಾರ್ಕ್ ಇವೆಲ್ಲ ಮೈ ಬೆಚ್ಚಗಿಟ್ಟುಕೊಳ್ಳೋ ಮೀನುಗಳು. ಈಜೋ ಸ್ನಾಯು ದುಡಿದು ಬಿಸಿಯಾಗುತ್ತೆ, ಆ ಬಿಸಿರಕ್ತ ಕಿವಿರಿಗೆ ಹೋದ್ರೆ ತಣ್ಣೀರಿಗೆ ತಾಗಿ ಬಿಸಿ ಎಲ್ಲ ಹೋಗಿಬಿಡುತ್ತೆ. ಹಾಗಾಗದ ಹಾಗೆ, ಹೊರಗೆ ಹೋಗೋ ಬಿಸಿರಕ್ತದ ಸಣ್ಣ ನಾಳಗಳೂ ಕಿವಿರಿಂದ ಒಳಗೆ ಬರೋ ತಣ್ಣನೆ ರಕ್ತದ ನಾಳಗಳೂ ಜಡೆ ಹೆಣೆದಂಗೆ ಒತ್ತೊತ್ತಾಗಿ ಹೋಗ್ತಾವೆ, ದಾರೀಲೇ ಬಿಸಿ ಇದರಿಂದ ಅದಕ್ಕೆ ದಾಟಿಬಿಡುತ್ತೆ, ಮೈಯಿಂದ ಆಚೆ ಹೋಗಲ್ಲ. ಹೊಟ್ಟೆ, ಕಣ್ಣು, ಮಿದುಳು ಎಲ್ಲ ನೀರಿಗಿಂತ ಬೆಚ್ಚಗೆ, ಬಿಳಿ ಶಾರ್ಕಿನ ಹೊಟ್ಟೆ ಸುತ್ತಲಿನ ನೀರಿಗಿಂತ 14 ಡಿಗ್ರಿ ತನಕ ಜಾಸ್ತಿ ಇದ್ದಿದ್ದನ್ನ ಅಳೆದಿದ್ದಾರೆ. ಪೆಸಿಫಿಕ್ ಕಡೆಯ ಸಾಲ್ಮನ್ ಶಾರ್ಕ್ ಇನ್ನೂ ಮುಂದೆ, ಅಲಾಸ್ಕಾದಲ್ಲಿ 2ರಿಂದ 8 ಡಿಗ್ರಿ ನೀರಲ್ಲಿ ಚಳಿಗಾಲನೂ ಕಳೆಯುತ್ತೆ. ಹಾಗಾಗಿ ತಣ್ಣೀರು ಇವಕ್ಕೆ ಬೇಲಿ ಅಲ್ಲ. ತಣ್ಣೀರಲ್ಲಿ ಊಟ ಜಾಸ್ತಿ, ಅಷ್ಟೇ ಲೆಕ್ಕ.

ಇನ್ನೊಂದು ವಿಷಯ ನಂಗೆ ಆಮೇಲೆ ಗೊತ್ತಾಗಿದ್ದು. ನೀರು ಬಿಸಿಯಾಗ್ತಿದೆ ಅದಕ್ಕೇ ಹೊಸದಾಗಿ ಬರ್ತಿವೆ ಅಂತ ತುಂಬ ಜನ ಹೇಳ್ತಾರೆ. ಗಲ್ಫ್ ಆಫ್ ಮೇಯ್ನ್ ಜಗತ್ತಿನ ಹೆಚ್ಚಿನ ಕಡಲಿಗಿಂತ ಬೇಗ ಬಿಸಿಯಾಗ್ತಿರೋದು ನಿಜ. ಆದ್ರೆ ಮೇಯ್ನ್ ಮತ್ತೆ ಕೆನಡಾದ ಈ ಕರಾವಳಿಯ ಮೂಲನಿವಾಸಿಗಳ ಎಷ್ಟೋ ಹಳೇ ಜಾಗಗಳನ್ನ ಅಗೆದಾಗ ಬಿಳಿ ಶಾರ್ಕಿನ ಹಲ್ಲು ಸಿಕ್ಕಿವೆ. ನಾವು ಇಲ್ಲಿ ಬರೋಕೆ ಎಷ್ಟೋ ಮೊದಲಿಂದ ಇದು ಅವುಗಳ ಓಡಾಟದ ಜಾಗನೇ. ನಡುವೆ ನೂರು ವರ್ಷ ಊಟ ಕಿತ್ಕೊಂಡಿದ್ವಿ, ಈಗ ಮತ್ತೆ ಬಂದಿವೆ.

ನಾಲ್ಕನೇ ದಿನ, ಮಂಗಳವಾರ, ಬಾರ್ ಹಾರ್ಬರ್

ಬೆಳಿಗ್ಗೆ ಪೂರ್ತಿ ಮಂಜು. ಬುಕ್ ಮಾಡಿದ್ದ ಬೋಟು ಎರಡು ಗಂಟೆ ತಡವಾಗಿ ಹೊರಡ್ತು. ಹೊರಗೆ ಹೋದ್ಮೇಲೆ ಮಂಜು ಎದ್ದು ನೀರು ಕನ್ನಡಿ ತರ ಆಯ್ತು, ಆಗ ಯಾರೋ "ಶಾರ್ಕ್" ಅಂತ ಕೂಗಿದ್ರು, ಎಲ್ಲರೂ ಒಂದೇ ಕಡೆಗೆ ಓಡಿದ್ರು. ಕಪ್ಪನೆ ರೆಕ್ಕೆ, ನೀರಿಂದ ಒಂದೂವರೆ ಅಡಿ ಮೇಲೆ. ಆದ್ರೆ ಅದು ಸೋತ ಕೈ ತರ ಆ ಕಡೆ ಈ ಕಡೆ ತಪ್ಪಡ್ ತಪ್ಪಡ್ ಅಂತ ಬೀಳ್ತಾ ಇತ್ತು. ಗೈಡ್ ಹೇಳಿದ್ರು ಅದು ಮೋಲಾ, ಸನ್‌ಫಿಶ್, ದೊಡ್ಡ ತಟ್ಟೆ ತರ ಮೀನು, ಜೆಲ್ಲಿಫಿಶ್ ತಿನ್ನುತ್ತೆ. ಬಿಳಿ ಶಾರ್ಕಿನ ರೆಕ್ಕೆ ಹಾಗೆ ಅಲ್ಲಾಡಲ್ಲ, ನೆಟ್ಟಗೆ ನಿಂತು ಕೊಯ್ಕೊಂಡು ಹೋಗುತ್ತೆ. ಇನ್ನೊಂದು ಗೊಂದಲ ಆಗೋದು ಬಾಸ್ಕಿಂಗ್ ಶಾರ್ಕ್ ಕಂಡಾಗ, ಜಗತ್ತಿನ ಎರಡನೇ ಅತಿ ದೊಡ್ಡ ಮೀನು, ಗುಹೆಯಷ್ಟು ಬಾಯಿ ತೆಕ್ಕೊಂಡು ನಿಧಾನಕ್ಕೆ ಹೋಗುತ್ತೆ, ತಿನ್ನೋದು ಮಾತ್ರ ಕಣ್ಣಿಗೆ ಕಾಣೋ ಕಾಣದಂಥ ಪ್ಲ್ಯಾಂಕ್ಟನ್. ಮಗಳು ನೋಟ್‌ಬುಕ್ಕಲ್ಲಿ ಮೂರರ ರೆಕ್ಕೆನೂ ಬರ್ಕೊಂಡ್ಲು. ಊರು ಚೆನ್ನಾಗಿದೆ, ಜನ ಜಾಸ್ತಿ, ರೂಮು ದುಬಾರಿ, ಅಷ್ಟೇ.

ಐದನೇ ದಿನ, ಬುಧವಾರ, ಕಡಲು ದಾಟಿದ್ದು

ಬಾರ್ ಹಾರ್ಬರ್‌ನಿಂದ ಯಾರ್ಮತ್‌ಗೆ ದಿ ಕ್ಯಾಟ್ ಅನ್ನೋ ಫೆರ್ರಿ, ಕಾರು ಸಮೇತ ಮೂರೂವರೆ ಗಂಟೆ. ಆ ಕಡೆ ಇಳಿದ್ರೆ ಗಡಿಯಾರ ಒಂದು ಗಂಟೆ ಮುಂದೆ. ಡೆಕ್ ಮೇಲೆ ಚಳಿಗಾಳಿ, ಅಮ್ಮ ಸೀರೆ ಮೇಲೆ ಜಾಕೆಟ್ ಹಾಕಿ ತಲೆಗೆ ಶಾಲು ಸುತ್ಕೊಂಡು ಅಲುಗಾಡದೆ ಕಡಲನ್ನೇ ನೋಡ್ತಾ ಕೂತಿದ್ಲು.

ಈ ನೀರಲ್ಲೇ ಪೋರ್ಬೀಗಲ್ ಇರೋದು, ಮೇಯ್ನ್‌ನೋರು ಮ್ಯಾಕರೆಲ್ ಶಾರ್ಕ್ ಅಂತಾರೆ. ಬಿಳಿ ಶಾರ್ಕಿನ ಚಿಕ್ಕ ದಾಯಾದಿ, ಎಂಟು ಒಂಬತ್ತು ಅಡಿ, ಮನುಷ್ಯರ ತಂಟೆಗೆ ಬರೋದು ತೀರ ಅಪರೂಪ, ತಣ್ಣೀರೇ ಅದರ ಮನೆ. 1961ರಲ್ಲಿ ನಾರ್ವೆಯ ಬೋಟುಗಳು ಇದನ್ನ ಹಿಡಿಯೋಕೆ ಈ ಕಡೆ ಬಂದ್ವು, ಆರೇ ವರ್ಷಕ್ಕೆ ಮೀನು ಮುಗಿದು ವಾಪಸ್ ಹೋದ್ವು. ಇಂಥ ಮೀನು ತುಂಬ ತಡವಾಗಿ ದೊಡ್ಡದಾಗುತ್ತೆ, ಒಂದು ಸಲಕ್ಕೆ ನಾಲ್ಕೇ ಮರಿ. ನಮ್ಮ ಬಂಗುಡೆ ತರ ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡೋ ಜಾತಿ ಅಲ್ಲ. ಇದನ್ನ ಅಮ್ಮಂಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಬಿಟ್ಟು, ನಾನು ಸಣ್ಣೋಳಿದ್ದಾಗ ಗಂಗೊಳ್ಳಿಗೆ ಬರ್ತಿದ್ದಂಥ ದೊಡ್ಡ ತಾಟೆ ಈಗ ಬರೋದೇ ಇಲ್ಲ ಅಂದ್ಲು. ನಾವಿಬ್ಬರೂ ಅದರ ಬಗ್ಗೆ ಮುಂದೆ ಮಾತಾಡ್ಲಿಲ್ಲ. ಆ ದಿನವೆಲ್ಲ ನಂಗೆ ಅದೇ ನೆನಪು.

ಆರನೇ ದಿನ, ಗುರುವಾರ, ಲೂನೆನ್‌ಬರ್ಗ್

ಯಾರ್ಮತ್‌ನಲ್ಲಿ ಮಲಗಿ ಬೆಳಿಗ್ಗೆ ಹೊರಟು ಲೂನೆನ್‌ಬರ್ಗ್. ಕೆಂಪು, ಹಳದಿ, ನೀಲಿ ಮರದ ಮನೆಗಳು ಬಂದರಿಗೆ ಇಳಿಜಾರಾಗಿ, 1995ರಿಂದ ಯುನೆಸ್ಕೋ ಪಟ್ಟಿಯಲ್ಲಿರೋ ಊರು. ಮೀನುಗಾರಿಕೆಯ ಮ್ಯೂಸಿಯಂ ನೋಡಿದ್ವಿ. ಲಾಬ್ಸ್ಟರ್ ಸೀಸನ್ ಇಲ್ಲಿ ನವೆಂಬರ್ ಕೊನೆಗೆ ಶುರು, ಈಗ ಬಲೆಪೆಟ್ಟಿಗೆಗಳೆಲ್ಲ ದಡದಲ್ಲಿ ಗೋಪುರದ ತರ ಪೇರಿಸಿದ್ದಾರೆ. ಜೆಟ್ಟಿ ಮೇಲೆ ಒಬ್ಬ ವಯಸ್ಸಾದ ಮೀನುಗಾರರು ಗಾಳ ಹಾಕ್ಕೊಂಡು ಕೂತಿದ್ರು, ಬಕೆಟ್ಟಲ್ಲಿ ಮೈಮೇಲೆ ಹುಲಿಪಟ್ಟೆ ಇರೋ ಮ್ಯಾಕರೆಲ್. ಅಮ್ಮ ನೋಡಿದ್ದೇ "ಬಂಗುಡೆ!" ಅಂದ್ಲು, ನಾನು ನಡುವೆ ನಿಂತು ಎರಡು ಕಡೆಗೂ ಮಾತು ದಾಟಿಸಿದೆ, ಹತ್ತು ನಿಮಿಷದಲ್ಲಿ ಅವರಿಬ್ಬರೂ ಗಾಳಕ್ಕೆ ಏನು ಕಟ್ಟಬೇಕು ಅನ್ನೋದರ ಬಗ್ಗೆ ಮಾತಾಡ್ತಾ ಇದ್ರು.

ಶಾರ್ಕ್ ಬರುತ್ತಾ ಅಂತ ಕೇಳಿದೆ. ಅವರು ಯಾವಾಗಲೂ ಇತ್ತಲ್ಲ ಅನ್ನೋ ಹಾಗೆ ನೋಡಿದ್ರು. ಅವರ ಅಪ್ಪನ ಕಾಲದಲ್ಲಿ ಈಟಿ ಹಿಡ್ಕೊಂಡು ಕತ್ತಿಮೀನಿಗೆ ಹೋಗ್ತಿದ್ದಾಗಲೂ ದೊಡ್ಡದು ಕಾಣ್ತಿತ್ತಂತೆ. 1953ರಲ್ಲಿ ಕೇಪ್ ಬ್ರೆಟನ್‌ನ ಫೂರ್ಶೂ ಹತ್ರ ಒಂದು ಸಣ್ಣ ದೋಣಿಗೆ ಶಾರ್ಕ್ ಕೆಳಗಿಂದ ಗುದ್ದಿ ತಳ ಒಡೆದು, ಇಬ್ಬರಲ್ಲಿ ಒಬ್ಬರು ಮುಳುಗಿ ಸತ್ತಿದ್ದು ಇಲ್ಲಿನ ಹಳಬರಿಗೆಲ್ಲ ಗೊತ್ತು, ಹಲಗೇಲಿ ಸಿಕ್ಕಿದ ಹಲ್ಲಿಂದ ಬಿಳಿ ಶಾರ್ಕ್ ಅಂತ ತಿಳೀತು. 2021ರ ಆಗಸ್ಟಲ್ಲಿ ಅದೇ ಕೇಪ್ ಬ್ರೆಟನ್‌ನ ಪಶ್ಚಿಮಕ್ಕೆ ಮಾರ್ಗರೀ ದ್ವೀಪದ ಹತ್ರ ಒಬ್ಬ ಹುಡುಗಿಗೆ ಕಚ್ಚಿತ್ತು, ಅವಳು ಬದುಕಿದ್ಲು. ಬಲೆಗೆ ಸಿಕ್ಕಿದ್ರೆ ಏನು ಮಾಡ್ತೀರ ಅಂದ್ರೆ, ಬಿಡ್ಬೇಕು ಅಂದ್ರು. 2011ರಿಂದ ಕೆನಡಾದಲ್ಲಿ ಅಟ್ಲಾಂಟಿಕ್‌ನ ಬಿಳಿ ಶಾರ್ಕ್ ಅಳಿವಿನಂಚಿನ ಪಟ್ಟಿಯಲ್ಲಿದೆ. ಆಮೇಲೆ ಅವರೇ ಸೇರಿಸಿದ್ರು, ಈ ತೀರದಾಚೆ ಸೇಬಲ್ ಐಲೆಂಡ್ ಇದೆಯಲ್ಲ, ಗ್ರೇ ಸೀಲ್‌ಗಳ ಜಗತ್ತಿನ ಅತಿ ದೊಡ್ಡ ಬಾಣಂತನದ ಜಾಗ ಅದೇ, ಅಷ್ಟು ಸೀಲ್ ಇರೋ ಕಡೆ ಶಾರ್ಕ್ ಇಲ್ಲ ಅಂತ ಯಾರಿಗಾದ್ರೂ ಅನ್ನಿಸಿದ್ರೆ ಅವರು ಕಡಲಿಗೆ ಹೋದೋರಲ್ಲ.

ಇದೇ ನೋವಾ ಸ್ಕೋಷಿಯಾ ನೀರಲ್ಲಿ 2020ರ ಅಕ್ಟೋಬರ್‌ನಲ್ಲಿ ಓಸರ್ಚ್ ಅನ್ನೋ ತಂಡದೋರು ಒಂದು ಹೆಣ್ಣು ಬಿಳಿ ಶಾರ್ಕಿಗೆ ಟ್ಯಾಗ್ ಹಾಕಿದ್ರು. ಹದಿನೇಳು ಅಡಿ ಎರಡು ಇಂಚು, ಸಾವಿರದ ಆರುನೂರು ಕೆಜಿ. ಸುಮಾರು ಐವತ್ತು ವರ್ಷ ವಯಸ್ಸು ಅಂತ ಅಂದಾಜು. ಹೆಸರು ನುಕುಮಿ, ಇಲ್ಲಿನ ಮೂಲನಿವಾಸಿಗಳಾದ ಮಿಗ್ಮಾಕ್ ಜನರ ಕಥೆಗಳಲ್ಲಿ ಬರೋ ತಿಳಿವಳಿಕಸ್ಥ ಅಜ್ಜಿ ಅವಳು. ಮೈತುಂಬ ಹಳೇ ಗಾಯದ ಗುರುತು. ಅವಳು ಅಲ್ಲಿಂದ ದಕ್ಷಿಣಕ್ಕೆ ಇಳಿದು, ಆಮೇಲೆ ಅಟ್ಲಾಂಟಿಕ್‌ನ ನಡುಮಧ್ಯಕ್ಕೆ ಹೋದ್ಲು, ಮರುವರ್ಷ ಸಿಗ್ನಲ್ ನಿಂತೋಯ್ತು. ಅಮ್ಮಂಗೆ ನುಕುಮಿ ಫೋಟೋ ಫೋನಲ್ಲಿ ತೋರಿಸಿದೆ. ಬಿಳಿ ಶಾರ್ಕ್ 70 ವರ್ಷದ ಮೇಲೂ ಬದುಕುತ್ತೆ, ಹೆಣ್ಣು ಮರಿ ಹಾಕೋ ವಯಸ್ಸಿಗೆ ಬರೋಕೆ ಮೂವತ್ತು ವರ್ಷದ ಮೇಲೆ ಬೇಕು ಅಂತ ಹೇಳಿದೆ. ಅಮ್ಮಂಗೆ ಈಗ ಅರವತ್ತೆಂಟು. ಫೋಟೋನ ಎರಡು ಬೆರಳಲ್ಲಿ ದೊಡ್ಡದು ಮಾಡಿ ಮೂತಿ ಹತ್ರದ ಗಾಯಗಳನ್ನ ಒಂದೊಂದಾಗಿ ನೋಡಿ, "ಪಾಪ, ಎಷ್ಟ್ ಕಂಡಿರತ್ತೋ" ಅಂದ್ಲು.

ಆ ಮೀನುಗಾರರು ಬೇಡ ಅಂದ್ರೂ ಕೇಳದೆ ನಾಲ್ಕು ಮ್ಯಾಕರೆಲ್ ಕವರಿಗೆ ಹಾಕಿ ಕೊಟ್ರು. ಉಳಿದಿದ್ದ ಮನೆಯಲ್ಲಿ ಅಡುಗೆಮನೆ ಇತ್ತು, ಅಮ್ಮ ಚೀಲದಿಂದ ಹುಳಿ, ಒಣಮೆಣಸಿನ ಪುಡಿ ಎಲ್ಲ ತೆಗೆದ್ಲು, ತೆಂಗಿನಕಾಯಿ ಒಂದು ಇರ್ಲಿಲ್ಲ. ಬಂಗುಡೆಗಿಂತ ಎಣ್ಣೆ ಜಾಸ್ತಿ, ರುಚಿ ಹತ್ರಹತ್ರ.

ಏಳನೇ ದಿನ, ಶುಕ್ರವಾರ, ರಿಸ್ಸರ್ಸ್ ಬೀಚ್

ನಾಳೆ ಬೆಳಿಗ್ಗೆ ವಾಪಸ್ ಫೆರ್ರಿ. ಮಗಳು ಏಳು ದಿನದಿಂದ ಒಂದು ಸಲನೂ ಸರಿಯಾಗಿ ನೀರಿಗೆ ಇಳಿದಿರ್ಲಿಲ್ಲ, ಕೇಳಿರ್ಲೂ ಇಲ್ಲ. ಇವತ್ತು ಕೇಳಿದ್ಲು. ಲೂನೆನ್‌ಬರ್ಗ್‌ನಿಂದ ಸ್ವಲ್ಪ ದೂರ, ರಿಸ್ಸರ್ಸ್ ಬೀಚ್, ಬಿಳಿ ಮರಳು, ನಿಧಾನಕ್ಕೆ ಆಳವಾಗೋ ತೀರ, ಲೈಫ್‌ಗಾರ್ಡ್ ಇದ್ರು. ಅವರ ಹತ್ರ ಹೋಗಿ ಕೇಳಿದ್ವಿ. ಆಮೇಲೆ ಅರ್ಧ ಗಂಟೆ ನಾಲ್ಕೂ ಜನ ಮರಳಲ್ಲಿ ಕೂತು ನೋಡಿದ್ವಿ, ಸೀಲ್ ತಲೆ ಎಲ್ಲೂ ಇಲ್ಲ, ಹಕ್ಕಿಗಳು ಒಂದೇ ಕಡೆ ಮುಗಿಬಿದ್ದು ಮೀನು ಹಿಡೀತಿಲ್ಲ, ನೀರು ತಿಳಿ, ಕೆಳಗಿನ ಮರಳಿನ ಗೆರೆ ಕಾಣುತ್ತೆ. ಮಗಳು ಕೈಲಿದ್ದ ಬೆಳ್ಳಿ ಬಳೆ ತಾನೇ ಬಿಚ್ಚಿ ಅಮ್ಮಮ್ಮನ ಕೈಗೆ ಕೊಟ್ಲು, ಹೊಳೆಯೋ ಒಡವೆ ಹಾಕ್ಕೊಂಡು ಇಳೀಬಾರದು ಅಂತ ಚಾಥಮ್‌ನಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು.

ಸೊಂಟದುದ್ದದ ನೀರು, ನಾನು ಕಡಲ ಕಡೆಗೆ, ಅವಳು ದಡದ ಕಡೆಗೆ. ತಣ್ಣಗಿತ್ತು ಅಂದ್ರೆ ಮೊದಲ ಮುಳುಗಿಗೆ ಇಬ್ಬರಿಗೂ ಉಸಿರು ಕಟ್ಟಿತು. ಅವಳು ದಡಕ್ಕೆ ಸಮನಾಗಿ ಹತ್ತು ಕೈ ಹೊಡೆದು ನಿಲ್ಲೋದು, ಕೂದಲು ಹಿಂದಕ್ಕೆ ತಳ್ಳಿ ಸುತ್ತ ನೋಡೋದು, ಮತ್ತೆ ಹತ್ತು ಕೈ. ನಾನು ಪಕ್ಕದಲ್ಲೇ ನಡೀತಾ ಇದ್ದೆ. ನಮ್ಮನೆಯವರು ದಡದಲ್ಲಿ ನಿಂತು ದೂರದರ್ಶಕ ಕಣ್ಣಿಂದ ಇಳಿಸಲೇ ಇಲ್ಲ. ಹದಿನೈದು ನಿಮಿಷ ಆಗಿರ್ಬೇಕು, ಮಗಳ ತುಟಿ ನೀಲಿ ಆಗೋಕೆ ಶುರುವಾಯ್ತು, ಅಮ್ಮ ಟವಲ್ ಬಿಚ್ಚಿ ಎರಡೂ ಕೈಲಿ ಹಿಡ್ಕೊಂಡು ಸೀರೆ ನೆರಿಗೆ ಒದ್ದೆಯಾಗೋ ತನಕ ನೀರಿಗೆ ಇಳಿದು ಬಂದು ಕರೆದ್ಲು, "ಸಾಕ್ ಮಗಾ, ಮೇಲೆ ಬಾ, ನಾಳಿಗ್ ಬೇಗ ಏಳ್ಕ್."